ಖಮರ್ ಮೇಡಂ ಅವರ ಪೆನ್ಸಿಲ್ಲು

ಬಡಗಿಗಳು ಮಾತ್ರ ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮ ಕುಲಪತಿಗಳಾದ ಖಮರ್ ಮೇಡಂ ಕೂಡ ಸಿಕ್ಕಿಸಿಕೊಳ್ಳುತ್ತಿದ್ದರು. ತಲೆಯ ಮೇಲೆ ಹೊದ್ದ ಸೆರಗಿನ ಅಂಚಿನಿಂದ ಹಳದಿ ಬಣ್ಣದ ಗಿಡ್ಡ ಪೆನ್ಸಿಲ್ಲೊಂದು ಸದಾ ಇಣುಕುತ್ತಿತ್ತು. ಕಡತ ಮುಂದಿಟ್ಟರೆ ಮೊದಲು ಹೊರಬರುತ್ತಿದ್ದುದು ಅದೇ. ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಆಗಬಹುದು’ ಅಥವಾ ‘ಬೇಡ’ ಎಂದು ಬರೆಯುವರು. ಆ ಕಡತ ಒಂದು ಪೂರ್ತಿ ದಿನ ಸಂಬಂಧಪಟ್ಟ ವಿಭಾಗದಲ್ಲಿ ಇರಬೇಕು. ಯಾರಿಗಾದರೂ ತಕರಾರಿದ್ದರೆ ನೇರವಾಗಿ ಅವರ ಕೋಣೆಗೆ ಹೋಗಿ ಹೇಳಬಹುದು. ಮರುದಿನ ಅದೇ ಪದದ ಮೇಲೆ ಹಸಿರು ಶಾಯಿ ಬೀಳುತ್ತಿತ್ತು.

ಅವರ ತಂದೆ ಶಿವಾಜಿನಗರದಲ್ಲಿ ಬಡಗಿಯಾಗಿದ್ದವರು. “ಅಬ್ಬಾ ಹೇಳ್ತಿದ್ರು, ಗರಗಸ ಇಡೋಕ್ ಮುಂಚೆ ಪೆನ್ಸಿಲ್ ಇಡು, ಕುಯ್ದಿದ್ ಮರ ತಿರ್ಗಾ ಬೆಳ್ಯಲ್ಲ ಅಂತ” ಎಂದು ಹೊಸದಾಗಿ ಬಂದವರಿಗೆಲ್ಲ ಮೇಡಂ ಹೇಳುತ್ತಿದ್ದರು. ನಾನು ಈ ಮಾತನ್ನು ಅವರ ದನಿಯಲ್ಲೇ ಹೇಳಬಲ್ಲೆ. ‘ಅಬ್ಬಾ’ ಎನ್ನುವಾಗ ಗಲ್ಲ ಸ್ವಲ್ಪ ಮೇಲೆ ಹೋಗಬೇಕು, ‘ಮರ’ ಎನ್ನುವಾಗ ಕನ್ನಡಕ ಕೆಳಗೆ ಜಾರಬೇಕು.

ಇಲ್ಲಿ ನನ್ನ ಪರಿಚಯ ಹೇಳಿಬಿಡುತ್ತೇನೆ, ಉದ್ದವಿಲ್ಲ. ಹಲಸೂರಿನವನು, ಹೆಸರು ಮಂಜುನಾಥ. ಓಲ್ಡ್ ಮದ್ರಾಸ್ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿ ದಾಟಿದ ಮೇಲೆ ಇರುವ ಒಂದು ಟ್ರಸ್ಟಿನ ವಿಶ್ವವಿದ್ಯಾಲಯದಲ್ಲಿ, ಗುಣಮಟ್ಟ ಘಟಕ ಎಂಬ ಕೋಣೆಯಲ್ಲಿ ಗುತ್ತಿಗೆ ಸಹಾಯಕ. ಆ ಘಟಕದಲ್ಲಿ ಗುಣಮಟ್ಟವಿಲ್ಲದ ಏಕೈಕ ವಸ್ತು ನಾನೇ ಎಂದು ಎಲ್ಲರೂ ಒಪ್ಪುತ್ತಾರೆ. ಒಂದೇ ವಿದ್ಯೆ ಗೊತ್ತು: ಯಾರ ಮಾತನ್ನಾದರೂ ಹತ್ತು ನಿಮಿಷ ಕೇಳಿದರೆ ಅವರ ಹಾಗೇ ಆಡಬಲ್ಲೆ. ಬಸ್ ಕಂಡಕ್ಟರನಿಂದ ಟ್ರಸ್ಟಿನ ಅಧ್ಯಕ್ಷರ ತನಕ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನಾನೇ ಇರಲು ಜಾಗ ಉಳಿದಿಲ್ಲ. ಆಫೀಸಿನಲ್ಲಿ ನನ್ನನ್ನು ‘ಟೇಪು’ ಎಂದು ಕರೆಯುತ್ತಾರೆ.

ಮೇಡಂ ಬಂದ ಮೊದಲ ವರ್ಷ ರಾಜ್ಯೋತ್ಸವದ ಸಿಬ್ಬಂದಿ ಕಾರ್ಯಕ್ರಮದಲ್ಲಿ, ಸಹೋದ್ಯೋಗಿಗಳು ಹುರಿದುಂಬಿಸಿದ್ದರಿಂದ ನಾನು ಅವರದೇ ಮಿಮಿಕ್ರಿ ಮಾಡಿದೆ. ಸೆರಗಿನ ಬದಲು ಟವೆಲ್ಲು, ಕಿವಿಯ ಮೇಲೆ ಪೆನ್ಸಿಲ್ಲು, ಮಾತು ಮಾತಿಗೂ ದಖನಿಯ ‘ಬಾ’. ನಮ್ಮ ಹುಡುಗರು ‘ಗುರು’ ಅನ್ನುವ ಜಾಗದಲ್ಲಿ ಅವರ ಮನೆಮಾತಿನಲ್ಲಿ ಈ ‘ಬಾ’ ಬರುತ್ತದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಮಾತ್ರ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರ ಹಾಗೆ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಕರೆ ಬಂತು. ಮೇಜಿನ ಡ್ರಾಯರು ಖಾಲಿ ಮಾಡಿಟ್ಟೇ ಹೋದೆ. ಮೇಡಂ ತಲೆ ಎತ್ತದೆ, ‘ಬಾ’ ಜಾಸ್ತಿ ಆಯಿತು, ತಾನು ಅದನ್ನು ಸಿಟ್ಟು ಬಂದಾಗ ಮತ್ತು ಯಾರಾದರೂ ಹತ್ತಿರದವರು ಅನಿಸಿದಾಗ ಮಾತ್ರ ಅನ್ನುವುದು, ತಿದ್ದಿಕೊಳ್ಳಬೇಕು ಎಂದರು. ಆಮೇಲೆ, ಟ್ರಸ್ಟಿನ ಅಧ್ಯಕ್ಷರನ್ನು ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಎದುರಿನ ಕುರ್ಚಿ ತೋರಿಸಿ, “ಹಾಗಾದ್ರೆ ಅಲ್ಲಿ ಕೂತ್ಕೊ. ಲ್ಯಾಬ್‌ಗೆ ಹೊಸ ಉಪಕರಣ ಬೇಕು ಅಂತ ನಾನ್ ಕೇಳ್ತೀನಿ. ನೀನು ಇಲ್ಲ ಅನ್ನು” ಎಂದರು.

ಅಂದಿನಿಂದ ಅದು ನನ್ನ ಅನಧಿಕೃತ ಕೆಲಸವಾಯಿತು. ಯಾವ ಕಷ್ಟದ ಸಭೆಗೂ ಮುಂಚೆ ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ನಾನು ಅಧ್ಯಕ್ಷ, ಇನ್ನೊಂದು ದಿನ ವಿದ್ಯಾರ್ಥಿ ಮುಖಂಡ, ಮತ್ತೊಂದು ದಿನ ಕ್ಯಾಂಟೀನಿನ ಗುತ್ತಿಗೆದಾರ. ನಾನು ಕೂಗಾಡಿದರೆ ಅವರು ತಣ್ಣಗೆ ಉತ್ತರಿಸುವರು. ಉತ್ತರ ಸರಿ ಬರದಿದ್ದರೆ, “ನಕ್ಕೋ, ಇದು ನಡ್ಯಲ್ಲ, ಇನ್ನೊಂದ್ಸಲ ಬೈಯಿ” ಎನ್ನುವರು. ‘ನಕ್ಕೋ’ ಎಂದರೆ ದಖನಿಯಲ್ಲಿ ‘ಬೇಡ’. ಕುಲಪತಿಯನ್ನು ಸಂಬಳ ತೆಗೆದುಕೊಂಡು ಬೈಯುವ ಭಾಗ್ಯ ಎಷ್ಟು ಜನರಿಗಿದೆ?

ಅವರ ಆಡಳಿತದ ಬಗ್ಗೆ ಒಳ್ಳೆಯದನ್ನು ಹೇಳಲು ಕಷ್ಟಪಡಬೇಕಿಲ್ಲ. ತಿಂಗಳಿಗೊಂದು ದಿನ ಯಾವುದಾದರೊಂದು ವಿಭಾಗಕ್ಕೆ ಬಂದು, ಅಲ್ಲಿನ ಅತ್ಯಂತ ಕೆಳಗಿನ ನೌಕರನ ಕೆಲಸ ಮಾಡುತ್ತಿದ್ದರು. ಸುಮ್ಮನೆ ಫೋಟೋಗಲ್ಲ, ಬೆಳಿಗ್ಗೆಯಿಂದ ಸಂಜೆಯ ತನಕ. ಪರೀಕ್ಷಾ ವಿಭಾಗಕ್ಕೆ ಬಂದಾಗ ಅಂಕಪಟ್ಟಿಗಳಿಗೆ ಸೀಲು ಹೊಡೆಯುವ ಕೆಲಸ ಸಿಕ್ಕಿತು. ಆ ವಿಭಾಗದ ಸೂಪರಿಂಟೆಂಡೆಂಟು ಮುನಿವೆಂಕಟಪ್ಪನವರು.

ಕೆ.ಆರ್. ಪುರಂನವರು. ಈ ಸಂಸ್ಥೆ ಬರಿಯ ಕಾಲೇಜಾಗಿದ್ದಾಗ ಟೈಪಿಸ್ಟಾಗಿ ಸೇರಿದವರು. ಕಚೇರಿಯ ಕನ್ನಡ ಅವರ ರಕ್ತಕ್ಕಿಳಿದಿತ್ತು. ಮನೆಯಲ್ಲಿ ಉಪ್ಪಿಟ್ಟು ಬೇಡವೆನ್ನಬೇಕಾದರೂ ‘ಸದರಿ ಉಪ್ಪಿಟ್ಟು’ ಎನ್ನುತ್ತಾರೆಂದು ನಾನೇ ಸುದ್ದಿ ಹಬ್ಬಿಸಿದ್ದೆ. ಮೇಡಂ ನಾಲ್ಕು ಅಂಕಪಟ್ಟಿಗೆ ಸೀಲು ತಲೆಕೆಳಗು ಹೊಡೆದಾಗ ಅವರು ಎದ್ದು ನಿಂತು, “ಮೇಡಂ, ಸದರಿ ಸೀಲು ಶೀರ್ಷಾಸನ ಹಾಕಿರುತ್ತದೆ” ಎಂದರು. ಮೇಡಂ ಕ್ಷಮೆ ಕೇಳಿ ಮತ್ತೆ ಹೊಡೆದರು.

ಆ ದಿನದ ಕೊನೆಗೆ ಮೇಡಂ, ಒಂದು ಅಂಕಪಟ್ಟಿಗೆ ಮೂರು ಸೀಲು ಯಾಕೆ, ಎರಡು ಸಾಕು ಎಂದು ಪೆನ್ಸಿಲ್ಲಿನಲ್ಲಿ ಬರೆದರು. ಮುನಿವೆಂಕಟಪ್ಪನವರು ಮರುದಿನ ಅವರ ಕೋಣೆಗೆ ಹೋಗಿ, ಹೊರದೇಶಕ್ಕೆ ಹೋಗುವ ಹುಡುಗರ ಅಂಕಪಟ್ಟಿಯಲ್ಲಿ ಮೂರನೆಯ ಸೀಲನ್ನೇ ಹುಡುಕುತ್ತಾರೆ, ತೆಗೆಯಬೇಡಿ ಎಂದು ಅರ್ಧ ಗಂಟೆ ವಿವರಿಸಿದರು. ಮೇಡಂ ಚಹಾ ತರಿಸಿ, ಮಧ್ಯೆ ಮಧ್ಯೆ ಪ್ರಶ್ನೆ ಕೇಳಿ, ಎಲ್ಲವನ್ನೂ ಬರೆದುಕೊಂಡರು. ಸಂಜೆ ಕಡತದ ಮೇಲೆ ಹಸಿರು ಶಾಯಿ ಬಿತ್ತು: ಎರಡು ಸಾಕು. ಮೂರು ತಿಂಗಳಲ್ಲಿ ಅಂಕಪಟ್ಟಿಗಳು ಒಂದೊಂದೇ ವಾಪಸು ಬರತೊಡಗಿದವು. ಮೂರನೆಯ ಸೀಲು ಸದ್ದಿಲ್ಲದೆ ಮೇಜಿಗೆ ಮರಳಿತು. ಮುನಿವೆಂಕಟಪ್ಪನವರು ಅದನ್ನು ಒರೆಸಿಟ್ಟುಕೊಂಡು ಯಾರಿಗೂ ಏನೂ ಹೇಳಲಿಲ್ಲ. ಹೇಳದೆ ಇರುವುದನ್ನೇ ಅವರು ಬಹಳ ಜೋರಾಗಿ ಮಾಡುತ್ತಿದ್ದರು.

ಬೆಳಗಿನ ತರಗತಿಗಳನ್ನು ಎಂಟು ಗಂಟೆಗೆ ತಂದದ್ದೂ ಹೀಗೆಯೇ. ಎಂಟು ಗಂಟೆಗೆ ಅರ್ಧ ವಿದ್ಯಾರ್ಥಿಗಳು ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿನೊಳಗೆ ನಿಂತಿರುತ್ತಾರೆ ಎಂದು ಎಲ್ಲರೂ ಹೇಳಿದರು. ಮೇಡಂ ಎಲ್ಲರಿಗೂ ಚಹಾ ಕೊಟ್ಟರು. ತರಗತಿ ಎಂಟಕ್ಕೇ ಶುರುವಾಯಿತು, ಮೊದಲ ಪೀರಿಯಡ್ಡಿನಲ್ಲಿ ಮೇಷ್ಟರೂ ಬೆಂಚುಗಳೂ ಮುಖ ಮುಖ ನೋಡಿಕೊಂಡರು. ತೀರ್ಮಾನವೆಲ್ಲ ಮೇಡಂ ಪುಲಿಕೇಶಿನಗರದ ಮನೆಯಿಂದ ಬರುವಾಗ ಕಾರಿನಲ್ಲೇ ಆಗಿಬಿಡುತ್ತದೆ, ಆಮೇಲಿನದು ಬರೀ ಮರ್ಯಾದೆ ಎಂದು ಆಫೀಸಿನಲ್ಲಿ ಮಾತಾಯಿತು. ನಾನು ಅದಕ್ಕೆ ಅಭಿನಯ ಸೇರಿಸಿದೆ.

ನಾಲ್ಕನೆಯ ವರ್ಷ ಮೇಡಂ ಅವರ ಅವಧಿ ಮುಗಿಯುತ್ತ ಬಂತು. ಇನ್ನೊಂದು ಅವಧಿ ಕೊಡಬೇಕೇ ಎಂದು ನಿರ್ಧರಿಸಲು ಟ್ರಸ್ಟು ಒಂದು ಸಮಿತಿ ಮಾಡಿತು. ಅದಕ್ಕೆ ಮುನ್ನ ಸಿಬ್ಬಂದಿಯಿಂದ ‘ಕುಲಪತಿಗಳ ಆಡಳಿತ ಶೈಲಿ ಮತ್ತು ನಾಯಕತ್ವದ ಮೌಲ್ಯಮಾಪನ’ ಎಂಬ ನಮೂನೆ ತುಂಬಿಸಿಕೊಳ್ಳುವ ಕೆಲಸ ನಮ್ಮ ಘಟಕಕ್ಕೆ, ಅಂದರೆ ನನಗೆ ಬಂತು. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೆ ಐದು ಚೌಕ, ಕೊನೆಗೆ ಅಭಿಪ್ರಾಯ ಬರೆಯಲು ಖಾಲಿ ಜಾಗ. ಹೆಸರು ಬರೆಯುವಂತಿಲ್ಲ. ಬೀಗ ಹಾಕಿದ ಡಬ್ಬಿಗೆ ಹಾಕಿದರೆ, ನಾನು ಅಭಿಪ್ರಾಯಗಳನ್ನೆಲ್ಲ ಬೆರಳಚ್ಚು ಮಾಡಿ ಪಟ್ಟಿ ಕೊಡಬೇಕು.

ಹೆಚ್ಚಿನವರು ‘ಉತ್ತಮ’ ಎಂದು ಬರೆದಿದ್ದರು. ಒಬ್ಬರು ‘ಅತ್ಯುತ್ತಮ’ ಎಂದು ಬರೆದು, ಹೊಡೆದುಹಾಕಿ ‘ಉತ್ತಮ’ ಮಾಡಿದ್ದರು. ಇನ್ನೊಬ್ಬರು ಕ್ಯಾಂಟೀನಿನ ಸಾಂಬಾರಿನ ಬಗ್ಗೆ ಅರ್ಧ ಪುಟ ಬರೆದಿದ್ದರು. ನನ್ನ ನಮೂನೆಯನ್ನು ನಾನೂ ತುಂಬಬೇಕಿತ್ತು. ಹೇಳಬೇಕೆಂದಿದ್ದ ಮಾತೊಂದು ನಾಲಗೆಯ ತುದಿಯಲ್ಲಿತ್ತು. ಆದರೆ ನನ್ನ ಗುತ್ತಿಗೆ ಮುಂದುವರಿಯುವ ಕಡತವೂ ಅದೇ ತಿಂಗಳು ಹೋಗುವುದಿತ್ತು. ನನ್ನ ದನಿಯಲ್ಲಿ ಬರೆಯಲು ಹೆದರಿದೆ. ಹೆದರಿಕೆಯಾದಾಗ ನಾನು ಬೇರೆಯವರಾಗಿಬಿಡುತ್ತೇನೆ. ಅವತ್ತು ಮುನಿವೆಂಕಟಪ್ಪನವರಾದೆ:

‘ಸದರಿ ಕುಲಪತಿಗಳು ಪೆನ್ಸಿಲ್ಲಿನಲ್ಲಿ ಬರೆದು ಸಿಬ್ಬಂದಿಯ ಅಭಿಪ್ರಾಯ ಆಲಿಸುವ ಪದ್ಧತಿಯನ್ನು ಹೊಂದಿರುತ್ತಾರೆ. ನಾಲ್ಕು ವರ್ಷಗಳಲ್ಲಿ ಪೆನ್ಸಿಲ್ಲುಗಳು ಹಲವು ಸವೆದಿದ್ದು, ರಬ್ಬರು ಮಾತ್ರ ಇನ್ನೂ ಹೊಸದಾಗಿಯೇ ಇರುತ್ತದೆ. ಅವಗಾಹನೆಗೆ.’

ಬರೆದು ನಾನೇ ನಕ್ಕೆ. ಪಟ್ಟಿಗೆ ಸೇರಿಸಿ, ರಿಜಿಸ್ಟ್ರಾರ್ ಸಾಹೇಬರಿಗೂ ಮೇಡಂ ಅವರಿಗೂ ಒಂದೊಂದು ಪ್ರತಿ ಕಳಿಸಿದೆ.

ಮಧ್ಯಾಹ್ನದೊಳಗೆ ಇಡೀ ಆಫೀಸಿಗೆ ಆ ವಾಕ್ಯ ಬಾಯಿಪಾಠವಾಗಿತ್ತು. ರಿಜಿಸ್ಟ್ರಾರರು ಅದನ್ನು ಓದಿ, ‘ಅವಗಾಹನೆಗೆ’ ಎಂದು ಈಗಲೂ ಬರೆಯುವವರು ಇಲ್ಲಿ ಒಬ್ಬರೇ ಅಲ್ಲವೇ ಎಂದು ಎಲ್ಲರೆದುರು ನಕ್ಕರಂತೆ. ಕೆಲವರು ಮುನಿವೆಂಕಟಪ್ಪನವರ ಕೈ ಕುಲುಕಿದರು. ಕೆಲವರು ಅವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಅವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: “ಸದರಿ ವಾಕ್ಯ ನನ್ನದಲ್ಲ. ನನ್ನದಾಗಿದ್ರೆ ಹೆಮ್ಮೆ ಪಡ್ತಿದ್ದೆ.” ಯಾರೂ ನಂಬಲಿಲ್ಲ. ಅಷ್ಟು ಚೆನ್ನಾಗಿ ಅವರೇ ಅವರಂತೆ ಮಾತನಾಡುತ್ತಿದ್ದರು.

ನಗು ನಿಂತದ್ದು ಮರುದಿನ. ಮುನಿವೆಂಕಟಪ್ಪನವರಿಗೆ ಸಹಾಯಕ ರಿಜಿಸ್ಟ್ರಾರ್ ಹುದ್ದೆ ಕೊಡುವ ಕಡತ ಮೇಡಂ ಅವರ ಮುಂದೆ ಹೋಗಿತ್ತು. ಪೆನ್ಸಿಲ್ಲಿನ ‘ಆಗಬಹುದು’ ಬಿದ್ದಿತ್ತು, ಹಸಿರು ಶಾಯಿ ಬಾಕಿಯಿತ್ತು. ಮುನಿವೆಂಕಟಪ್ಪನವರ ನಿವೃತ್ತಿಗೆ ಉಳಿದಿದ್ದುದು ಕೆಲವೇ ತಿಂಗಳು. ಟೈಪಿಸ್ಟಾಗಿ ಬಂದವರು ಅಧಿಕಾರಿಯಾಗಿ ಹೋಗಬೇಕೆಂಬುದು ಅವರ ಒಂದೇ ಆಸೆ. ಮನೆಯ ಗೇಟಿಗೆ ಹಾಕಲು ಶಿವಾಜಿನಗರದ ಪೇಂಟರೊಬ್ಬನ ಹತ್ತಿರ ಹೆಸರಿನ ಬೋರ್ಡು ಬರೆಸಿ, ಪೇಪರು ಸುತ್ತಿ, ಬೀರುವಿನ ಹಿಂದೆ ಇಟ್ಟಿದ್ದರು. ನಮಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದೆವು. ಆ ಕಡತವನ್ನು ಮೇಡಂ ಬೆಳಿಗ್ಗೆ ಬಂದವರೇ ವಾಪಸು ತರಿಸಿಕೊಂಡರು ಎಂದು ಸುದ್ದಿ ಬಂತು.

ಮುನಿವೆಂಕಟಪ್ಪನವರು ಸೀಲುಗಳನ್ನು ಒರೆಸುತ್ತ ಕೂತಿದ್ದರು. ನಾನು ಅವರ ಮೇಜಿನ ಮುಂದೆ ಎರಡು ಸಲ ಹಾದುಹೋದೆ. ಎರಡನೆಯ ಸಲ ಅವರು ತಲೆ ಎತ್ತಿ, ಏನಪ್ಪಾ ಟೇಪು, ಇವತ್ತು ಸದ್ದೇ ಇಲ್ಲ, ಕರೆಂಟು ಹೋಗಿದೆಯಾ ಎಂದು ಕೇಳಿದರು. ಮೂರನೆಯ ಸಲ ಆ ಕಡೆ ಹೋಗದೆ ನೇರ ಮೇಡಂ ಕೋಣೆಗೆ ಹೋದೆ.

ಮೇಡಂ ಕಡತ ನೋಡುತ್ತಿದ್ದರು. ಇವತ್ತು ಯಾರಾಗಿ ಬಂದಿದ್ದೀಯ, ಅಭ್ಯಾಸಕ್ಕೆ ಯಾವ ಸಭೆಯೂ ಇಲ್ಲವಲ್ಲ ಎಂದರು. ನಾನು ಬಾಯಿ ತೆಗೆದರೆ ಬಂದದ್ದು, ಆಣೆ ಮಾಡಿ ಹೇಳುತ್ತೇನೆ, ಮುನಿವೆಂಕಟಪ್ಪನವರ ದನಿ: “ಸದರಿ ವಿಷಯವಾಗಿ…” ಮೇಡಂ ಕೈ ಎತ್ತಿದರು.

“ನಕ್ಕೋ. ನಿನ್ ದನೀಲಿ ಹೇಳು.”

ನನ್ನದು ಎಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು, ಆದರೆ ಬಹಳ ತೆಳ್ಳಗಿತ್ತು.

“ರಬ್ಬರ್ ವಾಕ್ಯ ನಾನ್ ಬರ್ದಿದ್ದು ಮೇಡಂ. ಅವ್ರಲ್ಲ.”

ಮೇಡಂ ಕಡತವನ್ನು ನನ್ನ ಕಡೆ ತಿರುಗಿಸಿದರು. ಅಂಚಿನಲ್ಲಿ ‘ಆಗಬಹುದು’ ಇರಲಿಲ್ಲ. ಅದಿದ್ದ ಜಾಗ ಮಾಸಿ, ಕಾಗದ ಸ್ವಲ್ಪ ಒರಟಾಗಿತ್ತು. ಪಕ್ಕದಲ್ಲಿ ರಬ್ಬರಿನ ಪುಡಿ ಇನ್ನೂ ಬಿದ್ದಿತ್ತು.

“ಬೆಳಗ್ಗೆ ಅಳಿಸ್ದೆ” ಎಂದರು. “ನಾಲ್ಕ್ ವರ್ಷದಲ್ಲಿ ಮೊದಲ್ನೇ ಸಲ. ಯಾಕ್ ಅಳಿಸ್ದೆ ಅಂತ ಕೆಳಗಡೆ ಕಾರಣ ಬರೀಬೇಕು ಅಂತ ಕೂತಿದೀನಿ. ಬರ್ಯೋಕಾಗೋ ಕಾರಣ ಒಂದೂ ಸಿಗ್ತಿಲ್ಲ ಬಾ.”

ಅವರು ರಬ್ಬರಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದರು. ಆಮೇಲೆ, ಆ ವಾಕ್ಯ ನಿಜವೇ ಎಂದು ಕೇಳಿದರು. ನಿಜ ಎಂದೆ. ಉದಾಹರಣೆ ಕೇಳಿದರು. ಸೀಲಿನದು ಹೇಳಿದೆ. ಇನ್ನೊಂದು ಎಂದರು. ಎಂಟು ಗಂಟೆಯ ತರಗತಿ ಹೇಳಿದೆ. ಇನ್ನೊಂದು ಎಂದರು. ನನ್ನ ಹತ್ತಿರ ಇರಲಿಲ್ಲ. ಎರಡೇ ಉದಾಹರಣೆ ಇಟ್ಟುಕೊಂಡು ಇಷ್ಟು ದೊಡ್ಡ ವಾಕ್ಯ ಬರೆದೆಯಾ ಎಂದು ಗದರಿ, ತಾವೇ ಇನ್ನೂ ಮೂರು ಹೇಳಿದರು. ಅವುಗಳಲ್ಲಿ ಒಂದು ನನಗೆ ಗೊತ್ತೇ ಇರಲಿಲ್ಲ.

“ಇದನ್ನ ನನ್ ಎದ್ರಿಗ್ ಬಂದು ಯಾಕ್ ಹೇಳ್ಲಿಲ್ಲ? ವಾರಕ್ಕೆರಡು ಸಲ ನನ್ನ ಬೈತೀಯಲ್ಲ, ಇದೇ ಕುರ್ಚೀಲಿ ಕೂತು.”

“ಅದು ಅಧ್ಯಕ್ಷರು ಬೈಯೋದು ಮೇಡಂ. ನಾನಲ್ಲ.”

ಅದಕ್ಕೆ ಅವರು ನಗಲಿಲ್ಲ. ಎದ್ದು ಕಡತ ಹಿಡಿದುಕೊಂಡು ಹೊರಟರು. ನಾನು ಹಿಂದೆ ಹೋದೆ.

ಪರೀಕ್ಷಾ ವಿಭಾಗದಲ್ಲಿ ಎಲ್ಲರೂ ಎದ್ದು ನಿಂತರು. ಮೇಡಂ ಮುನಿವೆಂಕಟಪ್ಪನವರ ಮೇಜಿನ ಮುಂದೆ ನಿಂತು, ದನಿ ತಗ್ಗಿಸದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: ಒಂದು ವಾಕ್ಯ ನಿಮ್ಮದೆಂದು ತಿಳಿದು ನಿಮ್ಮ ಕಡತದಲ್ಲಿ ಬರೆದದ್ದನ್ನು ಬೆಳಿಗ್ಗೆ ಅಳಿಸಿದೆ, ನಿಮ್ಮದೇ ಆಗಿದ್ದರೂ ಅಳಿಸಬಾರದಿತ್ತು, ತಪ್ಪಾಯಿತು. ಹೇಳಿ, ಅಲ್ಲೇ ಬಗ್ಗಿ, ಅವರ ಮೇಜಿನ ಮೇಲೆಯೇ, ಪೆನ್ಸಿಲ್ಲು ಮುಟ್ಟದೆ, ಒರಟಾದ ಜಾಗದ ಮೇಲೆ ಹಸಿರು ಶಾಯಿಯಲ್ಲಿ ‘ಆಗಬಹುದು’ ಎಂದು ಬರೆದು ಸಹಿ ಮಾಡಿದರು. ಕಾಗದ ಒರಟಾಗಿದ್ದರಿಂದ ಶಾಯಿ ಸ್ವಲ್ಪ ಹರಡಿತು.

ಮುನಿವೆಂಕಟಪ್ಪನವರು ಸೀಲನ್ನು ತಲೆಕೆಳಗಾಗಿ ಹಿಡಿದಿದ್ದರು. ಆದರೂ ವ್ಯಾಕರಣ ಗಟ್ಟಿಯಾಗಿತ್ತು. “ಅಳಿಸಿದ ವಿಷಯ ನನ್ನ ಗಮನಕ್ಕೆ ಬಂದಿರುವುದಿಲ್ಲ ಮೇಡಂ” ಎಂದರು.

ನನಗೆ ಶಿಕ್ಷೆ ಬೇರೆಯಿತ್ತು. ಅವರಿಗೆ ಕೈಬರಹದಲ್ಲಿ ಕ್ಷಮಾಪಣೆ ಪತ್ರ ಕೊಡಬೇಕೆಂದು ಮೇಡಂ ಆಜ್ಞೆಯಾಯಿತು. ಕೊಟ್ಟೆ. ಮುನಿವೆಂಕಟಪ್ಪನವರು ಕೆಂಪು ಪೆನ್ನು ತೆಗೆದು, ‘ಕ್ಷಮೆ ಕೇಳುತ್ತೇನೆ’ ಎಂಬುದನ್ನು ‘ಕ್ಷಮೆ ಕೋರಲಾಗಿದೆ’ ಎಂದು ತಿದ್ದಿ, ಮತ್ತೆ ಬರೆದುಕೊಂಡು ಬರಲು ಹೇಳಿದರು. ಎರಡನೆಯ ಪ್ರತಿ ತೆಗೆದುಕೊಳ್ಳುವಾಗ ಮಾತ್ರ, ಮೆಲ್ಲಗೆ, “‘ಅವಗಾಹನೆಗೆ’ ಸರ್ಯಾದ್ ಜಾಗಕ್ಕೆ ಹಾಕಿದ್ದೀಯ ಕಣೋ” ಎಂದರು.

ಮೇಡಂ ಮಾಡಿದ ಮುಂದಿನ ಕೆಲಸ ರಿಜಿಸ್ಟ್ರಾರರಿಗೆ ಇವತ್ತಿಗೂ ಅರ್ಥವಾಗಿಲ್ಲ. ಸಮಿತಿಗೆ ಕೊಡುವ ವರದಿಯಲ್ಲಿ ಆ ವಾಕ್ಯವನ್ನು ಪಟ್ಟಿಯ ಮೊದಲಿಗೆ ತಂದರು. ಅದರ ಕೆಳಗೆ, ಇದು ಸರಿಯಾದ ಟೀಕೆ ಎಂದೂ, ಇದನ್ನು ಬರೆದವರು ಯಾರೆಂದು ಊಹಿಸಿ ಒಬ್ಬ ಸಿಬ್ಬಂದಿಯ ಬಡ್ತಿಯನ್ನು ಕೆಲವು ಗಂಟೆ ತಡೆದೆನೆಂದೂ ಸ್ವಂತ ಕೈಯಲ್ಲಿ ಬರೆದರು. ಬೆರಳಚ್ಚು ಮಾಡಿದವನು ನಾನೇ. ಇದು ಬೇಕೇ ಮೇಡಂ, ಯಾರೂ ಕೇಳಿಲ್ಲವಲ್ಲ ಎಂದು ರಿಜಿಸ್ಟ್ರಾರರು ಎರಡು ಸಲ ಹೇಳಿದರು. ಮೇಡಂ ಅವರಿಗೆ ಚಹಾ ಕೊಡಲಿಲ್ಲ. ಈ ಸಲ ಕೇಳುವ ಹಾಗೆ ತೋರಿಸಿಕೊಳ್ಳುವುದೂ ಇಲ್ಲ ಎಂದು ಅದರಿಂದ ಗೊತ್ತಾಯಿತು.

ಎರಡನೆಯ ಅವಧಿ ಸಿಗಲಿಲ್ಲ. ಟ್ರಸ್ಟಿನಿಂದ ಎರಡು ಸಾಲಿನ ಪತ್ರ ಬಂತು, ಕಾರಣವಿರಲಿಲ್ಲ. ಹೊರಡುವ ಮುನ್ನ ಮೇಡಂ ನನ್ನ ಗುತ್ತಿಗೆಯ ಕಡತ ತರಿಸಿಕೊಂಡು ‘ಮುಂದುವರಿಸಬಹುದು’ ಎಂದು ಬರೆದರು. ಪಕ್ಕದಲ್ಲಿ ‘ಮೇಲ್ವಿಚಾರಣೆ ಅಗತ್ಯ’ ಎಂದೂ ಇತ್ತು. ಬೀಳ್ಕೊಡುಗೆ ಸಭೆಯಲ್ಲಿ ಅವರದನ್ನು ಮಾಡಲು ಎಲ್ಲರೂ ನನ್ನನ್ನು ಒತ್ತಾಯಿಸಿದರು. ಗಂಟಲು ಕೆಟ್ಟಿದೆ ಎಂದೆ. ಮುನಿವೆಂಕಟಪ್ಪನವರು ಸಹಾಯಕ ರಿಜಿಸ್ಟ್ರಾರಾಗಿ ಎದ್ದು ನಿಂತು, ಸದರಿ ಮೇಡಂ ಅವರ ಸೇವೆಯನ್ನು ಸ್ಮರಿಸಲಾಗಿದೆ ಎಂದು ಶುರುಮಾಡಿ, ಎರಡನೆಯ ವಾಕ್ಯಕ್ಕೆ ಹೋಗಲಾಗದೆ ಕೂತುಬಿಟ್ಟರು.

ಆಮೇಲೆ ಮೇಡಂ ಅವರನ್ನು ನೋಡಿದ್ದು ಒಂದೇ ಸಲ, ರಂಜಾನಿನ ಒಂದು ಸಂಜೆ. ನಾನು ಪುಲಿಕೇಶಿನಗರದ ಮಸೀದಿ ರಸ್ತೆಯಲ್ಲಿ ತಿನ್ನಲು ಹೋಗಿದ್ದೆ. ಮೇಡಂ ಮನೆಗೆ ಸಮೋಸ ಕಟ್ಟಿಸಿಕೊಂಡು ನಿಂತಿದ್ದರು. ಆಫೀಸಿನಲ್ಲಿ ಇದ್ದದ್ದಕ್ಕಿಂತ ಗಿಡ್ಡವಾಗಿ ಕಂಡರು. ಎಲ್ಲರ ಬಗ್ಗೆ ವಿಚಾರಿಸಿದರು. ಒಂದು ವರ್ಷದಿಂದ ಕೇಳಬೇಕೆಂದಿದ್ದುದನ್ನು ನಾನು ಆ ಗದ್ದಲದಲ್ಲೇ ಕೇಳಿದೆ.

“ನನ್ ವಾಕ್ಯದಿಂದ್ಲೇ ಹೋಯ್ತಾ ಮೇಡಂ?”

“ನಿನ್ ವಾಕ್ಯಕ್ಕೆ ಅಷ್ಟೆಲ್ಲ ತಾಕತ್ತಿಲ್ಲ ಬಾ” ಎಂದರು. “ನಾನ್ ಅಳಿಸಿದ್ದಕ್ಕೆ ಇರ್ಬೋದು. ಅದು ಟ್ರಸ್ಟಿನವ್ರು ನೋಡ್ಬೇಕಾದ್ದೇ.”

ಸಮೋಸದ ಪೊಟ್ಟಣದಿಂದ ಒಂದನ್ನು ತೆಗೆದು ನನ್ನ ಕೈಗಿಟ್ಟರು. ಹೊಸ ಕುಲಪತಿಗಳು ಹೇಗಿದ್ದಾರೆ ಎಂದು ಕೇಳಿದರು. ನಾನು ಸಮೋಸ ಎಡಗೈಗೆ ಬದಲಾಯಿಸಿ, ಎದೆ ಮುಂದೆ ಮಾಡಿ, ಹೊಸಬರ ಹಾಗೆ ಕತ್ತು ತಿರುಗಿಸಿ, ಮೊದಲ ಪದ ಹೇಳಿದ್ದೆನಷ್ಟೆ. ಮೇಡಂ ತಡೆದರು.

“ಇದು ಅವರ್ ಮುಂದೆ ಮಾಡಿದೀಯಾ?”

“ಇಲ್ಲ ಮೇಡಂ.”

“ಮೊದ್ಲು ಅಲ್ಲಿ ಮಾಡು. ಆಮೇಲೆ ಮನೆಗ್ ಬಾ, ನೋಡ್ತೀನಿ.”

ಆಟೋ ಹತ್ತಿ ಹೋದರು. ಹೊಸ ಕುಲಪತಿಗಳು ಒಳ್ಳೆಯವರೇ. ಅವರ ಬಗ್ಗೆ ಹೇಳಬೇಕಾದ ಎರಡು ಮಾತು ನನ್ನ ಹತ್ತಿರ ಸಿದ್ಧವಾಗಿವೆ, ಉದಾಹರಣೆಗಳೂ ಐದಾರು ಇವೆ. ಅವರ ಕೋಣೆಯ ಬಾಗಿಲ ತನಕ ಮೂರು ಸಲ ಹೋಗಿ ಬಂದಿದ್ದೇನೆ. ಇನ್ನೂ ಒಳಗೆ ಹೋಗಿಲ್ಲ. ಹಾಗಾಗಿ ಮೇಡಂ ಮನೆಗೂ ಹೋಗಿಲ್ಲ.